ಊಟದ ಬಿಡುವಿನ ಧೂಳು

ಬಕೆಟ್ಟಿನ ಅಂಚಿಗೆ ಚೊಂಬನ್ನು ಒರಗಿಸಿ, ಸದ್ದಾಗದಂತೆ ಅವಳು ನೀರು ಸುರಿದಳು. ರಾತ್ರಿ ನೆನೆಹಾಕಿದ್ದ, ಕೆಲಸದಲ್ಲಿ ಮುಖಕ್ಕೆ ಕಟ್ಟಿಕೊಳ್ಳುವ ಎರಡು ಹಳೆಯ ಬಟ್ಟೆ ತುಂಡುಗಳನ್ನು ಹಿಂಡಿದಳು. ಮೊದಲ ನೀರು ಹಾಲಿನಷ್ಟು ಬೆಳ್ಳಗೆ ಬಂತು. ಎರಡನೆಯದು ಮಜ್ಜಿಗೆಯಂತೆ, ಮೂರನೆಯದು ಅಕ್ಕಿ ತೊಳೆದ ನೀರಿನಂತೆ. ನಾಲ್ಕನೆಯದಕ್ಕೆ ಅವಳು ಹೋಗಲಿಲ್ಲ. ಎಷ್ಟು ಹಿಂಡಿದರೂ ತಿಳಿನೀರು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೂರಕ್ಕೆ ನಿಲ್ಲಿಸುವುದು ಅವಳೇ ಹಾಕಿಕೊಂಡ ಗೆರೆ. ಬಕೆಟ್ಟಿನ ತಳದಲ್ಲಿ ಕೂತ ಬೂದುಬಣ್ಣದ ಕೆಸರನ್ನು ಅಂಗೈಯಿಂದ ಬಳಿದು ಹೊರಗೆ ಚೆಲ್ಲಿದಳು. ಬೆರಳ ನಡುವೆ ಅದು ಹಿಟ್ಟಿನ ಹಾಗೆ ನುಣ್ಣಗಿತ್ತು. ಕಲ್ಲು ಅಂದರೆ ಯಾರೂ ನಂಬಲಾರರು.

ಗೋಡೆಯ ಪಕ್ಕ ಅಮ್ಮ ಕೂತಲ್ಲೇ ನಿದ್ದೆ ಹೋಗಿದ್ದಳು. ಬೆನ್ನಿಗೆ ಮೂರು ದಿಂಬು, ಮಂಡಿಯ ಮೇಲೊಂದು, ಅದರ ಮೇಲೆ ಹಣೆ. ಎರಡು ವರ್ಷದಿಂದ ಅವಳು ಬೆನ್ನು ನೆಲಕ್ಕೆ ತಾಗಿಸಿ ಮಲಗಿದ್ದಿಲ್ಲ. ಮಲಗಿದರೆ ಎದೆಯ ಮೇಲೆ ಬೀಸುಕಲ್ಲು ಹೇರಿದ ಹಾಗಾಗುತ್ತದೆ ಅನ್ನುತ್ತಿದ್ದಳು. ನಿದ್ದೆಯಲ್ಲೂ ಉಸಿರಿನ ಸದ್ದು ಕೇಳುತ್ತಿತ್ತು; ಕೀಲಿಗೆ ಎಣ್ಣೆ ಕಾಣದ ಬಾಗಿಲನ್ನು ಯಾರೋ ತೆರೆದು ತೆರೆದು ಮುಚ್ಚುತ್ತಿರುವಂತೆ.

ಬಾಗಿಲ ಬಳಿ ಅಣ್ಣ ಬೂಟಿನ ಲಾಡಿ ಕಟ್ಟುತ್ತಿದ್ದ. ತಂಗಿ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಅವನು ನೋಡಿದ, ನೋಡದವನ ಹಾಗೆ ಮುಖ ತಿರುಗಿಸಿದ. ಅವರಿಬ್ಬರೂ ಮಾತು ಬಿಟ್ಟು ಎಂಟು ದಿನವಾಗಿತ್ತು.

ಮಾತು ಬಿಟ್ಟದ್ದು ಒಂದು ಹಾಳೆಗಾಗಿ. ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಕಲ್ಲಿನ ಚಪ್ಪಡಿ ಕೊಯ್ಯುವ ಒಂದೇ ಕಾರ್ಖಾನೆಯಲ್ಲಿ. ಅವನು ಕೊಯ್ಯುವವನು, ಅವಳು ಗುಡಿಸುವವಳು. ಗೇಟಿನ ಒಳಗೆ ಗಾಜಿನ ಹಿಂದೆ 'ಧೂಳಿನ ಕೆಲಸಗಳು' ಎಂಬ ತಲೆಬರಹದ ಹಾಳೆಯೊಂದನ್ನು ಅಂಟಿಸಿದ್ದರು. ಕೊಯ್ಯುವವರು, ಅಂಚು ಉಜ್ಜುವವರು, ಹೊಳಪು ಕೊಡುವವರು, ತೂತು ಕೊರೆಯುವವರು. ನಾಲ್ಕೇ ಸಾಲು. ಆ ನಾಲ್ಕು ಸಾಲಿನೊಳಗೆ ಬರುವವರಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌-ರೇ, ಎದೆ ಕೆಟ್ಟರೆ ಕಾರ್ಖಾನೆಯ ಆಸ್ಪತ್ರೆಯಲ್ಲಿ ಹಾಸಿಗೆ, ಕೆಲಸ ಬಿಟ್ಟ ಮೇಲೂ. ಗುಡಿಸುವವರು ಆ ಹಾಳೆಯಲ್ಲಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳು ಓದಿದ್ದು ಅಷ್ಟಕ್ಕಷ್ಟೇ. ಆದರೆ ಆ ನಾಲ್ಕು ಸಾಲನ್ನು ಮಾತ್ರ ದಿನಕ್ಕೆರಡು ಸಲ ಓದುತ್ತಿದ್ದಳು, ಐದನೆಯ ಸಾಲೊಂದು ಹೇಗೋ ಮೊಳೆತಿರಬಹುದು ಎಂಬಂತೆ.

ಹದಿನಾಲ್ಕು ವರ್ಷ ಅಲ್ಲೇ ಗುಡಿಸಿದ್ದ ಅಮ್ಮ, ಉಸಿರು ಎಳೆದುಕೊಂಡು ಒಮ್ಮೆ ಆಫೀಸಿಗೆ ಹೋಗಿ ಕೇಳಿದ್ದಳು. ಮೇಜಿನ ಹಿಂದಿನವನು ನಕ್ಕಿದ್ದ. "ನೀವು ಧೂಳು ತೆಗೆಯೋರಮ್ಮ, ಧೂಳು ಎಬ್ಬಿಸೋರಲ್ಲ. ಗುಡಿಸೋ ಜಾಗದಲ್ಲಿ ಇಷ್ಟು ಧೂಳಿದೆ ಅಂತ ಅಳೆದ ಕಾಗದ ಇದ್ರೆ ತನ್ನಿ, ನೋಡೋಣ."

ಅಳೆದ ಕಾಗದ ಇರಲಿಲ್ಲ, ಅಳೆದವರಿದ್ದರೆ ತಾನೇ. ಮೂರು ವರ್ಷಕ್ಕೊಮ್ಮೆ ಒಬ್ಬ ಬರುತ್ತಾನೆ, ಎರಡು ದಿನ ಅಳೆಯುತ್ತಾನೆ, ಅವನ ಕಾಗದದ ಮೇಲೆ ಹೊಸ ಪಟ್ಟಿ ಏಳುತ್ತದೆ. ಪಟ್ಟಿಯಲ್ಲಿರುವವರನ್ನು ಅಳೆಯುತ್ತಾರೆ, ಅಳೆದವರನ್ನು ಪಟ್ಟಿಗೆ ಹಾಕುತ್ತಾರೆ. ಆ ಅಳತೆಯವನು ಈ ವಾರ ಬರುತ್ತಾನೆ ಎಂಬ ಸುದ್ದಿ ಹುಟ್ಟಿದ ದಿನ ಅವಳು ಅಣ್ಣನ ಮುಂದೆ ನಿಂತಿದ್ದಳು.

"ಅಣ್ಣ, ಗುಡಿಸೋರನ್ನೂ ಅಳೀರಿ ಅಂತ ನೀನು ಒಂದು ಮಾತು ಹೇಳು. ನಾನು ಹೇಳಿದ್ರೆ ಯಾರು ಕೇಳ್ತಾರೆ?"

"ನಾನ್ಯಾಕೆ ಹೇಳ್ಲಿ? ಹೋದ್ಸಲ ಅಳೆದು ಹೋದ್ಮೇಲೆ ಹೊಳಪಿನ ಶೆಡ್ಡಿಗೆ ಮೂರು ವಾರ ಬೀಗ ಹಾಕಿದ್ರು, ಮರೆತೋಯ್ತಾ? ಮೇಸ್ತ್ರಿ ಈಗ ತಾನೇ ನನ್ನ ಮುಖ ನೋಡೋಕೆ ಶುರು ಮಾಡಿದಾನೆ. ಕೂತ ಕೊಂಬೆ ಕಡಿಯೋ ಬುದ್ಧಿ ನಿಂದು."

"ಅಮ್ಮಂಗೆ ಹಾಸಿಗೆ ಸಿಗುತ್ತೆ."

"ಅಮ್ಮಂಗೆ ವಯಸ್ಸಾಯ್ತು. ಉಬ್ಬಸ."

"ಅಮ್ಮಂಗೆ ನಲವತ್ತಾರು," ಎಂದಿದ್ದಳು ಅವಳು.

ಅಷ್ಟೇ. ಆಮೇಲೆ ಒಂದೇ ತಟ್ಟೆಗೂಡಿನಿಂದ ತಟ್ಟೆ ತೆಗೆದುಕೊಂಡರೂ, ಒಂದೇ ಬಾಗಿಲಿನಿಂದ ಹೊರಗೆ ಹೋದರೂ, ಇಬ್ಬರ ನಡುವೆ ಗೋಡೆ ಎದ್ದಿತ್ತು.

ಅವತ್ತು ಅಳತೆಯವನು ಬಂದಾಗ ಗುಡಿಸುವವರ ಅರ್ಧ ಕೆಲಸ ಆಗಲೇ ಮುಗಿದಿತ್ತು. ಅದು ಆ ಕಾರ್ಖಾನೆಯ ರೀತಿ. ಶೆಡ್ಡುಗಳ ಹಿಂದೆ ತಗಡಿನ ಒಂದು ಕೋಣೆಯಿತ್ತು. ಚೀಲದ ಮನೆ ಅನ್ನುತ್ತಿದ್ದರು. ದೊಡ್ಡ ಫ್ಯಾನೊಂದು ಶೆಡ್ಡಿನ ಧೂಳನ್ನೆಲ್ಲ ಕೊಳವೆಯಲ್ಲಿ ಎಳೆದು ತಂದು ಆ ಕೋಣೆಯಲ್ಲಿ ತೂಗಿದ ಹನ್ನೆರಡು ಬಟ್ಟೆಯ ಚೀಲಗಳಿಗೆ ತುಂಬುತ್ತಿತ್ತು. ಒಂದೊಂದು ಚೀಲ ಆಳೆತ್ತರ. ಫ್ಯಾನು ತಿರುಗುವಾಗ ಅವು ಬಸುರಿಯರ ಹಾಗೆ ಉಬ್ಬಿರುತ್ತಿದ್ದವು. ಫ್ಯಾನು ನಿಂತರೆ ಮಾತ್ರ ಸೊರಗಿ, ಕೋಲಿನಿಂದ ಬಡಿಯಲು ಒದಗುತ್ತಿದ್ದವು. ಫ್ಯಾನು ನಿಲ್ಲುವುದು ದಿನಕ್ಕೆ ಎರಡೇ ಸಲ: ಬೆಳಗಿನ ಗಂಟೆಗೆ ಮುಂಚೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ. ಹಾಗಾಗಿ ಎಲ್ಲರೂ ಕೈತೊಳೆದು ಕೂತಾಗ ಗುಡಿಸುವ ಇಬ್ಬರು ಹೆಂಗಸರು ಚೀಲದ ಮನೆಯೊಳಗೆ ಬಾಗಿಲು ಹಾಕಿಕೊಂಡು ಬಡಿಯುತ್ತಿದ್ದರು. ಬಾಗಿಲು ಹಾಕಿಕೊಳ್ಳದಿದ್ದರೆ ಧೂಳು ಊಟದ ಕೋಣೆಗೆ ಬರುತ್ತದೆಂದು ಬೈಗುಳ ಬೀಳುತ್ತಿತ್ತು. ಅವರ ಊಟ ಎಲ್ಲರ ಊಟ ಮುಗಿದ ಮೇಲೆ.

ಕಾಗದದ ಪ್ರಕಾರ ಮಾತ್ರ ಆ ಎರಡು ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಒಂದು ನೊಣವೂ ಕೆಲಸ ಮಾಡುತ್ತಿರಲಿಲ್ಲ.

ಅಳತೆಯವನು ಕೊಯ್ಯುವ ಶೆಡ್ಡಿನ ಬಾಗಿಲಲ್ಲಿ ಮೇಜು ಹಾಕಿಸಿ ಪೆಟ್ಟಿಗೆ ತೆರೆದ. ಅವನ ಮುಖಕ್ಕೆ ಎರಡು ಡಬ್ಬಿ ಜೋಡಿಸಿದ ರಬ್ಬರಿನ ಮುಸುಕು ಇತ್ತು. ಗಂಡಸರು ಸುತ್ತ ನಿಂತರು, ಯಾರೂ ನಮಸ್ಕಾರ ಹೇಳಲಿಲ್ಲ. ಒಬ್ಬ ಅವನ ಬೂಟಿನ ಪಕ್ಕಕ್ಕೇ ಉಗುಳಿದ.

"ನೋಡ್ರಪ್ಪ, ಅಳೆಯೋಕೆ ಬಂದೋನು ಹಂದಿ ಮುಸುಡಿ ಹಾಕ್ಕೊಂಡ್ ಬಂದಿದಾನೆ. ಧೂಳು ಕುಡಿಯೋರು ನಾವು, ಮೂಗು ಮುಚ್ಕೊಳ್ಳೋನು ಅವನು," ಎಂದ ಹೊಳಪಿನ ಶೆಡ್ಡಿನ ಬಾಯಿಬಡುಕ.

ಅಳತೆಯವನಿಗೆ ಅದು ಕೇಳಿಸಿತು. ಮುಸುಕನ್ನು ಗಲ್ಲಕ್ಕೆ ಇಳಿಸಿ, ಯಾರ ಮುಖವನ್ನೂ ನೋಡದೆ, ಗಿಣಿಪಾಠ ಒಪ್ಪಿಸಿದ. "ನಾಲ್ಕು ಪಂಪಿದೆ. ಪಂಪು ಸೊಂಟಕ್ಕೆ. ಈ ಕೊಳವೆ ಬೆನ್ನ ಮೇಲಿಂದ ಬಂದು ಈ ಡಬ್ಬಿ ಕಾಲರಿಗೆ, ಮೂಗಿನ ಹತ್ತಿರ. ನೀವು ಎಳ್ಕೊಳ್ಳೋ ಗಾಳಿನೇ ಇದೂ ಎಳ್ಕೊಳ್ಳುತ್ತೆ, ಸಣ್ಣ ಧೂಳು ಒಳಗಿನ ಕಾಗದದ ಮೇಲೆ ಕೂರುತ್ತೆ. ಸಾಯಂಕಾಲದ ತನಕ ಬಿಚ್ಚಬೇಡಿ, ಊಟಕ್ಕೂ ಬಿಚ್ಚಬೇಡಿ. ಮುಚ್ಚಬೇಡಿ. ಮುಖ್ಯ, ಬಗ್ಗಿ ಡಬ್ಬಿನ ತಲೆಕೆಳಗು ಮಾಡಬೇಡಿ. ತಲೆಕೆಳಗಾದ್ರೆ ಕೆಳಗಿನ ಬಟ್ಟಲಲ್ಲಿ ಬಿದ್ದಿರೋ ದಪ್ಪ ಪುಡಿಯೆಲ್ಲಾ ಕಾಗದಕ್ಕೆ ಬಂದು ಅಳತೆ ಹಾಳಾಗುತ್ತೆ."

"ಸಾರ್, ಇದಕ್ಕೆ ನೆಗಡಿ ಬಂದ್ರೆ ಒರೆಸೋರು ಯಾರು?" ಬಾಯಿಬಡುಕ ಕೇಳಿದ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹಲ್ಲಿತ್ತು, ಖುಷಿಯಿರಲಿಲ್ಲ.

ಮೇಸ್ತ್ರಿ ಪಟ್ಟಿ ಹಿಡಿದು ನಾಲ್ವರನ್ನು ಮುಂದಕ್ಕೆ ತಳ್ಳಿದ. ಕೊಯ್ಯುವವರಲ್ಲಿ ಅವಳ ಅಣ್ಣ. ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದ್ದು ಎರಡು ಮಾರು ದೂರದಲ್ಲಿ ಪೊರಕೆ ಹಿಡಿದು ನಿಂತಿದ್ದ ಅವಳಿಗೂ ಕೇಳಿಸಿತು: "ನಲ್ಲಿ ಪೂರ್ತಿ ತಿರುಗಿಸು. ಇವತ್ತು ಕಲ್ಲು ಕೊಯ್ಯೋದು ಬೇಡ, ಸ್ನಾನ ಮಾಡ್ಸು."

"ಧೂಳಲ್ಲಿ ಇನ್ಯಾರಾದ್ರೂ ಇದಾರಾ?" ಅಳತೆಯವನು ಕೇಳಿದ, ಪೆನ್ನು ಕಾಗದದ ಮೇಲಿಟ್ಟುಕೊಂಡೇ.

"ಅಷ್ಟೇ ಸಾರ್. ಪಟ್ಟಿಲಿ ಇರೋರು ಅಷ್ಟೇ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತು ಗಂಟಲ ತನಕ ಬಂತು. ಹೊರಗೆ ಬರಲಿಲ್ಲ. ಶಾಲೆಯಲ್ಲೂ ಹೀಗೇ ಆಗುತ್ತಿತ್ತು. ಉತ್ತರ ಗೊತ್ತಿದ್ದರೂ ನಿಂತ ತಕ್ಷಣ ಬಾಯಿ ಬತ್ತುತ್ತಿತ್ತು, ಗೊತ್ತಿಲ್ಲದವಳೆಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಬೆಂಚಿನ ಮೇಲೆ ನಿಂತು ನಿಂತೇ ಅವಳು ಶಾಲೆ ಬಿಟ್ಟಿದ್ದಳು.

"ಏನೇ ಗುಮ್ಮಿ, ಬಾಯಿ ತೆರ್ಕೊಂಡ್ ನಿಂತಿದೀಯ? ನೊಣ ಹೊಕ್ಕೀತು," ಎಂದ ಮೇಸ್ತ್ರಿ. ಕಾರ್ಖಾನೆಯಲ್ಲಿ ಅವಳ ಹೆಸರು ಅದೇ, ಗುಮ್ಮನಗುಸುಕಿಯ ಅರ್ಧ. "ಹೋಗು, ಅಲ್ಲಿ ಕಸ ನಿನ್ನ ಕಾಯ್ತಾ ಇದೆ."

ಮತ್ತೆ ನಗು. ಅಣ್ಣ ತುಸು ತಡವಾಗಿ ನಕ್ಕ, ಆದರೆ ನಕ್ಕ.

ಗಂಟೆ ಹೊಡೆಯಿತು. ನಾಲ್ಕು ಪಂಪುಗಳಲ್ಲಿ ಹಸಿರು ದೀಪ ಹೊತ್ತಿತು. ಅಳತೆಯವನು ಅರ್ಧ ಗಂಟೆ ಶೆಡ್ಡು ಸುತ್ತಿ, ಮುಸುಕು ಬಿಗಿದುಕೊಂಡು, ಆಫೀಸಿನ ತಂಪಿಗೆ ಹೋದ.

ಅವತ್ತಿನಷ್ಟು ಶುದ್ಧವಾದ ಕೊಯ್ಯುವ ಶೆಡ್ಡನ್ನು ಅವಳು ಎಂದೂ ನೋಡಿರಲಿಲ್ಲ. ಬೇರೆ ದಿನಗಳಲ್ಲಿ ನೀರು ಹೆಚ್ಚು ಬಿಟ್ಟರೆ ಕೊಯ್ತ ನಿಧಾನವಾಗುತ್ತದೆಂದು ಬೈಯುತ್ತಿದ್ದ ಮೇಸ್ತ್ರಿ, ಇವತ್ತು ತಾನೇ ನಲ್ಲಿಯಿಂದ ನಲ್ಲಿಗೆ ಓಡಾಡಿದ. ಬ್ಲೇಡಿನಿಂದ ಹಾಲಿನಂಥ ನೀರು ಹರಿದು ಚರಂಡಿ ಸೇರಿತು. ಎದುರು ಗೋಡೆಯ ಗಡಿಯಾರ ನಿಚ್ಚಳವಾಗಿ ಕಾಣುತ್ತಿತ್ತು. ಬೇರೆ ದಿನ ಅದು ಮಂಜಿನ ಹಿಂದಿನ ಚಂದ್ರನಂತಿರುತ್ತಿತ್ತು. ಹೀಗೇ ಸಂಜೆಯಾದರೆ, ಅವಳು ಅಂದುಕೊಂಡಳು, ಹೊಸ ಪಟ್ಟಿಯಲ್ಲಿ ನಾಲ್ಕು ಸಾಲೂ ಉಳಿಯುವುದಿಲ್ಲ. ಐದನೆಯದು ಎಲ್ಲಿಂದ ಬರಬೇಕು?

ಮಧ್ಯಾಹ್ನ ಫ್ಯಾನು ನಿಂತಿತು. ಗಂಡಸರು ಊಟಕ್ಕೆ ಎದ್ದರು. ಅವಳು ಕೋಲು ತರಲು ಊಟದ ಕೋಣೆಯ ಹಿಂಬಾಗಿಲಿಗೆ ಹೋದಾಗ, ಅಣ್ಣ ಕಾಲರಿನ ಡಬ್ಬಿ ಬಿಚ್ಚುತ್ತಿದ್ದದ್ದು ಕಂಡಿತು.

"ಬಿಚ್ಚಬೇಡಿ ಅಂದ್ರಲ್ಲೋ," ಎಂದ ಒಬ್ಬ.

"ಎತ್ತಿಗೆ ಕಟ್ಟಿದ ಗಂಟೆ ಥರ ಎಷ್ಟು ಹೊತ್ತು ಹೊತ್ಕೊಳ್ಲಿ? ತಿನ್ನೋವಾಗ್ಲೂ ನನ್ನ ಬಾಯಿ ನೋಡ್ತಾ ಇರುತ್ತೆ," ಎಂದ ಅಣ್ಣ. ಊಟಕ್ಕೆ ಕೂತವರಿಗೆ ಕಾಣದ, ಬಾಗಿಲ ಹಿಂದಿನ ಮೊಳೆಗೆ ಪಂಪು ತಗುಲಿಹಾಕಿ, ಕೈಕಾಲು ತೊಳೆಯಲು ಅಂಗಳಕ್ಕೆ ಹೋದ. ಉಳಿದವರೂ ಹೋದರು.

ಪಂಪು ಮೊಳೆಯ ಮೇಲೆ ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ಹಸಿರು ದೀಪ. ಅವಳು ಅದನ್ನು ನೋಡಿದಳು, ಖಾಲಿ ಕೋಣೆಯನ್ನು ನೋಡಿದಳು. ಅವಳ ಕೈ ಅವಳನ್ನು ಕೇಳಲಿಲ್ಲ. ಸೊಂಟಕ್ಕೆ ಬೆಲ್ಟು ಸುತ್ತಿ, ಕೊಳವೆಯನ್ನು ಬೆನ್ನ ಮೇಲಿಂದ ತಂದು, ಡಬ್ಬಿಯನ್ನು ಕೆಲಸದ ಅಂಗಿಯ ಕಾಲರಿಗೆ ಚುಚ್ಚಿ, ನೆಟ್ಟಗೆ ನಿಲ್ಲಿಸಿ, ಒಂದು ಸಲ ಮುಟ್ಟಿ ನೋಡಿಕೊಂಡಳು.

ಚೀಲದ ಮನೆಯಲ್ಲಿ ಜೊತೆಯವಳು ಕಾಯುತ್ತಿದ್ದಳು. ಅಮ್ಮನ ಜೊತೆಯೂ ಹತ್ತು ವರ್ಷ ಬಡಿದವಳು; ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು.

"ಅಯ್ಯೋ ನಿನ್ನ! ಏನೇ ಅದು ಕುತ್ತಿಗೇಲಿ?" ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಬಿಚ್ಚೇ. ಬೆಂಕಿ ಜೊತೆ ಆಡ್ತೀಯಾ?"

ಬಿಚ್ಚುವುದಿಲ್ಲವೆಂಬಂತೆ ಅವಳು ತಲೆಯಾಡಿಸಿದಳು.

"ನಾನು ನೋಡ್ಲಿಲ್ಲ, ತಿಳ್ಕೋ. ನಾಳೆ ಯಾರ್ ಕೇಳಿದ್ರೂ ನಾನು ನೋಡ್ಲಿಲ್ಲ. ನಂಗೂ ಮನೆ ಇದೆ, ಮೊಮ್ಮಕ್ಕಳಿದಾರೆ." ಹೇಳಿದವಳೇ ಮುಖಕ್ಕೆ ಬಟ್ಟೆ ಕಟ್ಟಿ, ಕಣ್ಣು ಮುಚ್ಚಿಕೊಂಡಳು. ಚೀಲ ಬಡಿಯುವಾಗ ಹೇಗೂ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಅವಳೂ ನಾಲ್ಕು ಮಡಿಕೆಯ ಬಟ್ಟೆ ಬಿಗಿದು ಬಾಗಿಲು ಹಾಕಿದಳು. ಮೊದಲನೆಯ ಚೀಲಕ್ಕೆ ಕೋಲು ಬೀಸಿದಳು. ಒಳಗಿನ ಧೂಳು ಕೆಳಗಿನ ತೊಟ್ಟಿಗೆ ಧೊಪ್ಪನೆ ಕುಸಿಯಿತು. ಕುಸಿದದ್ದರಲ್ಲಿ ಒಂದಷ್ಟು ಮತ್ತೆ ಮೇಲೆದ್ದಿತು. ಇದು ಮಣ್ಣಿನ ಧೂಳಲ್ಲ, ಬಿದ್ದರೆ ಸುಮ್ಮನಿರುವುದಿಲ್ಲ. ಹೊಗೆಯಂತೆ ಗಾಳಿಯಲ್ಲೇ ನಿಂತುಬಿಡುತ್ತದೆ, ಬಾಗಿಲ ಸಂದಿಯ ಬೆಳಕಿನ ಗೀಟಿನಲ್ಲಿ ಹೊಳೆಯುತ್ತಾ. ತೊಟ್ಟಿ ಎಳೆಯಲು ಬಗ್ಗಬೇಕು. ಅವಳು ಬಗ್ಗಲಿಲ್ಲ. ಡಬ್ಬಿ ತಲೆಕೆಳಗಾಗಬಾರದು. ಬೆನ್ನು ಗಳದಂತೆ ನೆಟ್ಟಗಿಟ್ಟು, ಮಂಡಿ ಮಡಿಸಿ, ಕುಕ್ಕರಗಾಲಲ್ಲಿ ಕೂತು ತೊಟ್ಟಿ ಎಳೆದಳು, ಹಾಗೇ ಎದ್ದಳು. ಮತ್ತೊಂದು ಚೀಲ, ಮತ್ತೆ ಕೂತಳು, ಮತ್ತೆ ಎದ್ದಳು. ತುಂಬಿದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತವಳ ಹಾಗೆ. ತೊಡೆ ನಡುಗತೊಡಗಿತು.

ಆರನೆಯ ಚೀಲಕ್ಕೆ ಪಂಪಿನ ಸದ್ದು ಬದಲಾಯಿತು. ಗುಂಯ್ ಎನ್ನುತ್ತಿದ್ದದ್ದು ಮೂಗು ಕಟ್ಟಿದ ಮಗುವಿನ ಹಾಗೆ ಎಳೆಯತೊಡಗಿತು. ಆ ಸದ್ದು ಅವಳಿಗೆ ಗೊತ್ತಿತ್ತು. ದಿನಾ ಬೆಳಗ್ಗೆ ಬಟ್ಟೆ ಹಿಂಡುವಾಗ ಗೋಡೆಯ ಪಕ್ಕದಿಂದ ಕೇಳುವ ಸದ್ದು. ಒಂಬತ್ತನೆಯ ಚೀಲಕ್ಕೆ ಅದು ಎರಡು ಸಲ ಬಿಕ್ಕಿ, ನಿಂತೇಹೋಯಿತು. ಹಸಿರು ದೀಪ ಕೆಂಪಾಯಿತು.

ಇನ್ನೂ ಮೂರು ಚೀಲ ಉಳಿದಿದ್ದವು. ಬಡಿದಳು. ಆಮೇಲೆ ಹಿಂಬಾಗಿಲಿನಿಂದ ಹೋಗಿ, ಡಬ್ಬಿಯನ್ನು ನೆಟ್ಟಗೇ ಹಿಡಿದು, ಪಂಪನ್ನು ಮೊಳೆಗೆ ತಗುಲಿಸಿ ಬಂದಳು. ಊಟ ಮುಗಿಸಿದ ಗಂಡಸರು ಅಂಗಳದಲ್ಲಿ ಇನ್ನೂ ಬಾಯಿ ಮುಕ್ಕಳಿಸುತ್ತಿದ್ದರು.

ಕೆಂಪು ದೀಪ ಕಂಡರೂ ಅಣ್ಣನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಸದ್ದು ನಿಂತದ್ದಕ್ಕೆ ಖುಷಿಯಾಗಿಯೇ ಅವನು ಅದನ್ನು ಮತ್ತೆ ಕಟ್ಟಿಕೊಂಡ. "ಪೀಡೆ ಬಾಯಿ ಮುಚ್ಕೊಂಡ್ತು," ಎಂದ.

ಸಂಜೆಯ ಗಂಟೆಯಾಯಿತು. ಅಳತೆಯವನು ಮೇಜಿನ ಮೇಲೆ ನಾಲ್ಕು ಪಂಪು ಸಾಲಾಗಿ ಇಟ್ಟುಕೊಂಡ. ಮೂರರ ಮೇಲೆ ಏನೋ ಬರೆದುಕೊಂಡ, ನಾಲ್ಕನೆಯದರ ಮೇಲೆ ಪೆನ್ನು ನಿಂತಿತು. ಗುಂಡಿ ಒತ್ತಿ ನೋಡಿದ, ಮತ್ತೆ ಒತ್ತಿದ.

"ಕೊಯ್ಯೋನು ಯಾರು? ಮುಂದೆ ಬಾ." ಅಣ್ಣ ಬಂದ. "ಹನ್ನೆರಡು ಐವತ್ತೆರಡಕ್ಕೆ ನಿಂತಿದೆ ಇದು. ಏನ್ ಮಾಡ್ದೆ?"

"ನಾನೇನೂ ಮಾಡಿಲ್ಲ ಸಾರ್. ಅದೇ ನಿಂತ್ಕೊಂಡ್ತು."

"ಅದಾಗಿ ಅದೇ ನಿಲ್ಲಲ್ಲ. ಗಾಳಿ ಎಳೆಯೋಕೆ ಆಗದೇ ಇದ್ರೆ ಮಾತ್ರ ನಿಲ್ಲುತ್ತೆ." ಅಳತೆಯವನು ಡಬ್ಬಿಯ ಮುಚ್ಚಳ ಬಿಚ್ಚಿ, ಚಿಮಟದಿಂದ ಒಳಗಿನ ಬಿಲ್ಲೆಯಷ್ಟು ಕಾಗದ ಎತ್ತಿದ. ಕಾಗದ ಕಾಣಲಿಲ್ಲ. ಅದರ ಮೇಲೆ ಬೂದುಬಣ್ಣದ ದಪ್ಪ ಪದರವಿತ್ತು. ಎತ್ತಿದ ಅಲುಗಾಟಕ್ಕೆ ಅಂಚಿನಿಂದ ಒಂದು ಚೂರು ಕಳಚಿ ಮೇಜಿನ ಮೇಲೆ ಬಿತ್ತು.

ಗಂಡಸರು ಕತ್ತು ಚಾಚಿ ನೋಡಿದರು.

"ಯಾರೋ ಪುಡಿ ಸುರಿದಿದಾರೆ," ಎಂದ ಅಳತೆಯವನು. "ಇಲ್ಲಾ ತಲೆಕೆಳಗು ಮಾಡಿ ಕುಲುಕಿದಾರೆ. ನೀರಲ್ಲಿ ಕೊಯ್ಯೋ ಜಾಗದಲ್ಲಿ ಇಷ್ಟು ಬರೋಕೆ ಸಾಧ್ಯವೇ ಇಲ್ಲ. ಅದೂ ಹನ್ನೆರಡು ಐವತ್ತೆರಡು. ಊಟದ ಬಿಡುವು. ಆಗ ಯಾರು ಕೆಲಸ ಮಾಡ್ತಾರೆ?"

"ಯಾರೂ ಇಲ್ಲ ಸಾರ್," ಎಂದ ಮೇಸ್ತ್ರಿ ತಕ್ಷಣ. ಆಮೇಲೆ ಅಣ್ಣನ ಕಡೆ ತಿರುಗಿದ. ಅವನ ದನಿ ಮೃದುವಾಯಿತು. ಮೇಸ್ತ್ರಿಯ ದನಿ ಮೃದುವಾದರೆ ಎಲ್ಲರಿಗೂ ಹೆದರಿಕೆ. "ಅಲ್ಲಯ್ಯಾ, ನಿಮ್ಮಮ್ಮ ಪಟ್ಟಿಗೆ ಸೇರಿಸಿ ಅಂತ ಬಂದಿದ್ಲಲ್ಲ. ಅಳೆದ ಕಾಗದ ಕೇಳಿದ್ರಲ್ಲ. ಅದಕ್ಕೇನಾ? ಬೆಳಿಗ್ಗೆ ನನ್ನ ಮುಂದೆ ಕೈಕಟ್ಟಿ ನಿಂತು, ಮಧ್ಯಾಹ್ನ ಬೆನ್ನಿಗೆ ಚೂರಿ ಹಾಕಿದ್ಯಾ?"

"ಅಮ್ಮನಾಣೆ, ನಾನಲ್ಲ."

"ಉಸಿರೇ ಇಲ್ಲದೋಳ ಮೇಲೆ ಆಣೆ ಬೇರೆ."

ಬಾಯಿಬಡುಕನೂ ಸೇರಿ ಯಾರೂ ಅವನ ಪರ ನಿಲ್ಲಲಿಲ್ಲ. "ಒಬ್ಬನ ತಿಕ್ಕಲಿಗೆ ಶೆಡ್ಡಿಗೆ ಬೀಗ ಬೀಳುತ್ತೆ ನೋಡ್ತಿರಿ," ಎಂದು ಹಿಂದಿನಿಂದ ಯಾರೋ ಅಂದರು. "ಇವನನ್ನ ಮೊದಲು ಆಚೆ ಹಾಕಿ," ಎಂದ ಇನ್ನೊಬ್ಬ.

"ನಾಳೆಯಿಂದ ಗೇಟು ದಾಟಬೇಡ," ಎಂದ ಮೇಸ್ತ್ರಿ.

ಅಳತೆಯವನು ಕೆಂಪು ಪೆನ್ನು ತೆಗೆದು ಹಾಳೆಯ ಮೇಲೆ ಅಡ್ಡಗೀಟು ಎಳೆದ. ಗೀಟಿನ ಪಕ್ಕ ಬರೆದದ್ದನ್ನು ಬಾಯಲ್ಲೂ ಹೇಳಿದ: "ಕೆಡಿಸಿದ್ದು. ಲೆಕ್ಕಕ್ಕಿಲ್ಲ." ಕಾಗದದ ಬಿಲ್ಲೆಯನ್ನು ಹಿಡಿದ ಚಿಮಟ ಮೇಜಿನ ಕೆಳಗಿನ ಕಸದ ಡಬ್ಬಿಯ ಕಡೆ ಹೊರಟಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಅರಿವಿಲ್ಲದೆಯೇ ಅವಳ ಕೈ ಕಾಲರಿಗೆ ಹೋಗಿತ್ತು. ಡಬ್ಬಿ ಚುಚ್ಚಿದ್ದ ಜಾಗದಲ್ಲಿ ಅಂಗಿಯ ಧೂಳಿನ ನಡುವೆ ಒಂದು ಉಗುರಗಲದ ಶುಭ್ರ ಚೌಕವಿತ್ತು. ಅದನ್ನು ಅಣ್ಣ ನೋಡಿದ. ನೋಡಿ, ಅವನ ಮುಖದ ಬಣ್ಣವೇ ಇಳಿಯಿತು.

"ಎಸೀಬೇಡಿ," ಎಂದಳು ಅವಳು.

ಅದು ಎಷ್ಟು ಸಣ್ಣ ದನಿಯೆಂದರೆ ಯಾರು ಅಂದದ್ದೆಂದು ಹಲವರಿಗೆ ಗೊತ್ತಾಗಲಿಲ್ಲ. ಚಿಮಟ ನಿಂತಿತು.

"ಅಣ್ಣ ಅಲ್ಲ. ನಾನು ಹಾಕ್ಕೊಂಡಿದ್ದೆ. ಮೊಳೆ ಮೇಲಿತ್ತು. ಚೀಲದ ಮನೇಲಿ ಹಾಕ್ಕೊಂಡು ಚೀಲ ಬಡಿದೆ. ಪುಡಿ ಸುರಿದಿಲ್ಲ. ಅದೇ ಎಳ್ಕೊಂಡಿದ್ದು."

"ಮನೆ ಮುರುಕಿ," ಎಂದ ಅಣ್ಣ. ಎಂಟು ದಿನದ ಮೇಲೆ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು.

ಮೇಸ್ತ್ರಿ ನಗಲು ನೋಡಿದ. "ಗುಮ್ಮಿಗೂ ಬಾಯಿ ಬಂತಲ್ಲಪ್ಪ! ಸಾರ್, ಇವಳ ಮಾತು ಕೇಳಬೇಡಿ, ಅಣ್ಣನ್ನ ಉಳಿಸೋಕೆ ನಾಟಕ. ಊಟದ ಹೊತ್ತಲ್ಲಿ ಯಾವ ಚೀಲ, ಯಾವ ಬಡಿಯೋದು?"

"ದಿನಾ ಬಡೀತೀವಿ," ಎಂದಳು. "ಫ್ಯಾನು ನಿಂತಾಗ್ಲೇ ಬಡೀಬೇಕು. ಬೆಳಿಗ್ಗೆ ಗಂಟೆಗೆ ಮುಂಚೆ ಒಂದ್ಸಲ, ಊಟದ ಹೊತ್ತಲ್ಲಿ ಒಂದ್ಸಲ. ಹನ್ನೆರಡು ಚೀಲ. ದೊಡ್ಡಮ್ಮನೂ ಇದ್ಲು."

ಎಲ್ಲರೂ ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮನ ಹುಬ್ಬಿನಲ್ಲಿ, ರೆಪ್ಪೆಯಲ್ಲಿ, ಕಿವಿಯ ಮಡಿಕೆಯಲ್ಲಿ ಆ ಬೂದುಬಣ್ಣ ಇನ್ನೂ ಇತ್ತು. ಅವಳು ತನ್ನ ಚಪ್ಪಲಿಯನ್ನು ನೋಡುತ್ತಿದ್ದಳು.

"ತಲೆಕೆಳಗು ಮಾಡಿರ್ತೀಯ," ಎಂದ ಅಳತೆಯವನು. ಅವನ ದನಿಯಲ್ಲಿ ಸಿಟ್ಟಿತ್ತು, ಆದರೆ ಚಿಮಟವನ್ನು ಅವನು ಇನ್ನೂ ಗಾಳಿಯಲ್ಲೇ ಹಿಡಿದಿದ್ದ. "ತೊಟ್ಟಿ ಎಳೆಯೋಕೆ ಬಗ್ಗಬೇಕು. ಬಗ್ಗಿದ್ರೆ ಮುಗೀತು."

"ಬಗ್ಗಿಲ್ಲ." ಅವಳು ಎಲ್ಲರ ಮುಂದೆ ಬೆನ್ನು ನೆಟ್ಟಗಿಟ್ಟು, ಮಂಡಿ ಮಡಿಸಿ, ಕುಕ್ಕರಗಾಲಲ್ಲಿ ಕೂತಳು. ಇಲ್ಲದ ತೊಟ್ಟಿಯನ್ನು ಎರಡೂ ಕೈಯಲ್ಲಿ ಎಳೆದಳು. ಹಾಗೇ ನೆಟ್ಟಗೆ ಎದ್ದಳು. ಯಾರೋ ಕಿಸಕ್ಕೆಂದರು. ಬೆಂಚಿನ ಮೇಲೆ ನಿಲ್ಲಿಸಿದಂತೆಯೇ ಇತ್ತು. ಆದರೂ ಇನ್ನೊಂದು ಸಲ ಕೂತು, ಇನ್ನೊಂದು ಸಲ ಎದ್ದಳು. "ಹೀಗೆ. ಹನ್ನೆರಡು ಸಲ. ಒಂಬತ್ತನೇದಕ್ಕೆ ಅದು ನಿಂತ್ಕೊಂಡ್ತು."

ಅಳತೆಯವನು ಬಿಲ್ಲೆಯನ್ನು ನೋಡಿದ, ಹಾಳೆಯನ್ನು ನೋಡಿದ, ಆಮೇಲೆ ಅಂಗಳದಾಚೆಯ ತಗಡಿನ ಕೋಣೆಯನ್ನು ನೋಡಿದ. ಅದರ ಬಾಗಿಲ ಸಂದಿಯಿಂದ ಕೆಳಗೆ ನೆಲದ ಮೇಲೆ ಬೀಸಣಿಗೆಯಾಕಾರದ ಬಿಳಿ ಕಲೆಯಿತ್ತು. ಬೆಳಿಗ್ಗೆಯೂ ಅದು ಅಲ್ಲೇ ಇತ್ತು.

"ಕೊಯ್ಯೋನ ಹೆಸರಲ್ಲಿ ಕೊಟ್ಟಿದ್ದನ್ನ ಬೇರೆಯವರು ಹಾಕ್ಕೊಂಡ್ರೆ ಅದು ಲೆಕ್ಕಕ್ಕಿಲ್ಲ," ಎಂದ, ಯಾರಿಗೂ ಅಲ್ಲವೆಂಬಂತೆ. "ನಿಯಮ." ಬಿಲ್ಲೆ ಕಸದ ಡಬ್ಬಿಗೆ ಬಿತ್ತು. ಬಿದ್ದ ಸದ್ದೂ ಆಗಲಿಲ್ಲ.

"ಅಲ್ಲಿಗೆ ಮುಗೀತು," ಎಂದ ಮೇಸ್ತ್ರಿ. "ಅಣ್ಣ ತಂಗಿ ಇಬ್ಬರೂ ನಾಳೆ ಆಫೀಸಿಗೆ ಬನ್ನಿ, ನಿಮ್ಮ ಲೆಕ್ಕ ಅಲ್ಲಿ ನೋಡೋಣ. ನಡೀರಿ ಎಲ್ಲಾ, ಸಿನಿಮಾ ಮುಗೀತು."

ಯಾರೂ ನಡೆಯಲಿಲ್ಲ. ಅವಳು ದಾರಿಗೆ ಅಡ್ಡವಾಗಿ ನಿಂತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ.

"ನಾಳೆನೂ ನೀವು ಬರ್ತೀರಲ್ಲ ಸಾರ್," ಎಂದಳು. "ನಾಳೆ ಒಂದು ಪಂಪು ನಂಗೆ ಹಾಕಿ. ನನ್ನ ಕೆಲಸ ಅಂತಲೇ ಬರೆದು ಹಾಕಿ. ಗುಡಿಸೋರು ಅಂತ."

ಅಳತೆಯವನು ಪೆನ್ನಿನ ಟೋಪಿ ಹಾಕಿದ. ಪಂಪುಗಳನ್ನು ಒಂದೊಂದಾಗಿ ಪೆಟ್ಟಿಗೆಯ ಗುಳಿಗಳಲ್ಲಿ ಕೂರಿಸಿದ. ಮೇಸ್ತ್ರಿ ಆಫೀಸಿನ ಕಿಟಕಿಯ ಕಡೆ ನೋಡಿದ. ಅಣ್ಣ ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲಾಡಿಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಶೆಡ್ಡಿನೊಳಗೆ ಯಾರೋ ನಲ್ಲಿಗಳನ್ನು ಒಂದೊಂದೇ ತಿರುಗಿಸಿ ನಿಲ್ಲಿಸುತ್ತಿದ್ದರು. ಬೆಳಿಗ್ಗೆಯಿಂದ ಹರಿಯುತ್ತಿದ್ದ ನೀರಿನ ಸದ್ದು ತೆಳುವಾಗುತ್ತಾ ಬಂದು ಕೊನೆಗೆ ನಿಂತಿತು.

"ಗಂಟೆಗೆ ಮುಂಚೆ ಬನ್ನಿ ಸಾರ್," ಎಂದಳು ಅವಳು. "ನಂಗೂ ಒಂದು ಹಾಕಿ."